ಚಿಕ್ಕಿ, ನೀನೂ ಮೋರಿಯರ ಪೈಕಿನಾ?

ಅಕ್ಕನ ಮಗಳಿಗೆ ಎಂಟು ವರ್ಷ. ಜಯನಗರದ ಒಂದು ಶಾಲೆಯಲ್ಲಿ ಮೂರನೇ ಕ್ಲಾಸು. ಹೋದ ದಸರಾ ರಜೆಗೆ ಅವಳಿಗೊಂದು ಪ್ರಾಜೆಕ್ಟ್ ಕೊಟ್ಟಿದ್ದರು. 'ನಿಮ್ಮದೇ ಒಂದು ಕಾಲ್ಪನಿಕ ಜನಾಂಗವನ್ನು ಸೃಷ್ಟಿಸಿ. ಅವರು ನೋಡಲು ಹೇಗಿದ್ದಾರೆ, ಏನು ತಿನ್ನುತ್ತಾರೆ, ಎಲ್ಲಿ ವಾಸಿಸುತ್ತಾರೆ, ಯಾವ ಹಬ್ಬ ಮಾಡುತ್ತಾರೆ? ಚಾರ್ಟ್ ಶೀಟಿನ ಮೇಲೆ ಬರೆದು, ಚಿತ್ರ ಬಿಡಿಸಿ ತನ್ನಿ.'

ಅವಳ ಗೆಳತಿಯರು ರೆಕ್ಕೆ ಇರೋರು, ನೀಲಿ ಚರ್ಮದವರು, ನೀರೊಳಗೆ ಉಸಿರಾಡೋರು, ಹೀಗೆಲ್ಲ ಯೋಚನೆ ಮಾಡಿದ್ದರಂತೆ. ನಮ್ಮ ಹುಡುಗಿ ಅಷ್ಟೆಲ್ಲ ದೂರ ಹೋಗಲಿಲ್ಲ. ಭಾನುವಾರ ನಾನು ತಿಂಡಿ ಮುಗಿಸಿ ಹಾಲ್‌ಗೆ ಬಂದಾಗ ಚಾರ್ಟ್ ನೆಲದ ಮೇಲೆ ಹರಡಿತ್ತು. ಅದರಲ್ಲಿ ಒಬ್ಬಳು ಹೆಂಗಸು. ಗಿಡ್ಡ ಕೈ, ಗಿಡ್ಡ ಕಾಲು, ಅಗಲ ಹಣೆ, ಕನ್ನಡಕ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಕೆಳಗೆ ಬಣ್ಣದ ಪೆನ್ಸಿಲ್‌ನಲ್ಲಿ ಬರೆದಿದ್ದಳು:

'ಹೆಸರು: ಮೋರಿಯರು. ಎತ್ತರ: ನನ್ನಷ್ಟು. ಮನೆ: ಕಲ್ಲು. ಊಟ: ಮಸಾಲೆ ದೋಸೆ. ಶಕ್ತಿ: ತುಂಬಾ ತುಂಬಾ.'

ನಾನು ನಕ್ಕೆ. ಅಡುಗೆಮನೆಯಿಂದ ಬಂದು ನೋಡಿದ ಅಕ್ಕನ ಮುಖ ಮಾತ್ರ ಬಾಡಿಹೋಯಿತು. "ಸಾರಿ ಕಣೇ, ಅವಳಿಗೆ ಗೊತ್ತಾಗಲ್ಲ," ಅಂದಳು. "ಅಯ್ಯೋ, ಚೆನ್ನಾಗೇ ಬಿಡಿಸಿದಾಳೆ ಬಿಡು," ಅಂದೆ. ಚೆನ್ನಾಗೇ ಇತ್ತು. ಚಿತ್ರದ ಬಗ್ಗೆ ನನ್ನ ತಕರಾರಿರಲಿಲ್ಲ. ಚುಚ್ಚಿದ್ದು ಚಾರ್ಟಿನ ಮೇಲಿದ್ದ ತಲೆಬರಹ. ದಪ್ಪಕ್ಷರದಲ್ಲಿ 'ಕಾಲ್ಪನಿಕ ಜನಾಂಗ' ಅಂತ ಇತ್ತು.

ನನ್ನ ಎತ್ತರ 4 ಅಡಿ 1 ಇಂಚು. ವಯಸ್ಸು 31. ಜೆ.ಪಿ. ನಗರದಲ್ಲಿ ಅಕ್ಕ-ಭಾವನ ಜೊತೆ ಮನೆ, ಬಿಟಿಎಂ ಲೇಔಟ್‌ನಲ್ಲಿ ಆಫೀಸು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಕ್ಕನ ಮಗಳಿಗೆ ನಾನು ಚಿಕ್ಕಮ್ಮ, ಬಾಯಲ್ಲಿ 'ಚಿಕ್ಕಿ'. ಎರಡೂ ಅರ್ಥದಲ್ಲಿ ಸರಿಯಾಗಿರೋ ಹೆಸರು ಅಂತ ನಾನೇ ಜೋಕ್ ಮಾಡ್ತಿರ್ತೀನಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ಮೋರಿಯರ ಕಥೆಯನ್ನು ಅವಳಿಗೆ ಹೇಳಿದವಳು ನಾನೇ. ರಾತ್ರಿ ಮಲಗಿಸುವಾಗ, ಸ್ವಲ್ಪ ಉಪ್ಪು ಖಾರ ಹಚ್ಚಿ. ಆಗ ಅವಳು ಕತ್ತಲಲ್ಲಿ ಕೇಳಿದ್ದಳು, "ಚಿಕ್ಕಿ, ನೀನೂ ಮೋರಿಯರ ಪೈಕಿನಾ?" ನಾನು ದೊಡ್ಡಸ್ತಿಕೆಯಿಂದ "ಹೂಂ" ಅಂದಿದ್ದೆ. ಆ ಒಂದು 'ಹೂಂ' ಚಾರ್ಟ್ ಶೀಟ್ ಆಗಿ ನನ್ನ ಮುಂದೆ ಬಂದು ಬಿದ್ದಿತ್ತು.

ಏಳು ಗುಡ್ಡಗಳ ನಡುವೆ

ಮೋರಿಯರ ಪರಿಚಯ ನನಗಾದದ್ದು ಎರಡು ವರ್ಷದ ಹಿಂದೆ. ಆಫೀಸಿನ ಏಳು ಜನ ಹಂಪಿಗೆ ಹೋಗಿದ್ದೆವು. ಮೂರನೇ ದಿನ ಯಾರೋ "ಹಿರೇಬೆಣಕಲ್ ಅಂತ ಇದೆ, ಇನ್‌ಸ್ಟಾದಲ್ಲಿ ಸಖತ್ತಾಗಿ ಕಾಣುತ್ತೆ" ಅಂದರು. ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಊರಿನಿಂದಾಚೆ ಗುಡ್ಡ ಹತ್ತಬೇಕು. ಬೇರೆಯವರು ಒಂದು ಗಂಟೆಯಲ್ಲಿ ಹತ್ತಿದ್ದನ್ನು ನಾನು ಎರಡು ಗಂಟೆಯಲ್ಲಿ ಹತ್ತಿದೆ. ನನ್ನ ಕಾಲಿನ ಮೂಳೆ ಸ್ವಲ್ಪ ಬಿಲ್ಲಿನ ಹಾಗೆ ಬಾಗಿದೆ, ಬೆನ್ನೂ ಆಗಾಗ ಸತಾಯಿಸುತ್ತೆ. ಹಾಗಂತ ಹತ್ತದೇ ಇರಲಿಲ್ಲ.

ಮೇಲೆ ಹೋದಾಗ ಕಂಡದ್ದು ಕಲ್ಲಿನ ಊರು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವು ಮೊಣಕಾಲೆತ್ತರ, ಕೆಲವು ಎರಡೂವರೆ ಮೂರು ಮೀಟರ್ ಎತ್ತರ. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಂಥವು ಅಲ್ಲಿ ಸುಮಾರು 400 ಇವೆ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಕೆರೆಯಂಥ ಹೊಂಡ, ಬಂಡೆಯ ಆಸರೆಗಳಲ್ಲಿ ಕುಣಿಯುವ, ಬೇಟೆಯಾಡುವ ಮನುಷ್ಯರ ಕೆಂಪು ಚಿತ್ರಗಳು, ಒಂದು ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಕಲ್ಲು. ಅದನ್ನು ಮರದ ಕೊಡತಿಯಿಂದ ಬಡಿದರೆ ಶಬ್ದ ಬಹಳ ದೂರ ಕೇಳುತ್ತದಂತೆ.

ಊರಿನವರು ಇದನ್ನು ಏಳು ಗುಡ್ಡ ಅಂತಲೂ, ಮೋರ್ಯರ ಗುಡ್ಡ ಅಂತಲೂ ಕರೀತಾರೆ.

ಅಲ್ಲೊಬ್ಬ ಕುರಿ ಕಾಯುವ ಅಜ್ಜ ಸಿಕ್ಕಿದ. ನಮ್ಮ ತಂಡದ ಒಬ್ಬ, "ಅಜ್ಜಾ, ಇದನ್ನೆಲ್ಲ ಯಾರು ಕಟ್ಟಿದ್ದು?" ಅಂತ ಕೇಳಿದ.

"ಇವು ಮೋರೇರ ಮನಿ ರೀ. ಅವ್ರು ಗಿಡ್ಡ ಮಂದಿ. ಇಷ್ಟಿಷ್ಟ ಇದ್ರಂತ," ಅಂತ ತನ್ನ ಸೊಂಟದ ಕೆಳಗೆ ಕೈ ಇಟ್ಟು ತೋರಿಸಿದ. "ಆದ್ರ ಕಸುವು ನೋಡ್ರಿ, ಒಬ್ಬೊಬ್ಬ ಒಂದೊಂದು ಚಪ್ಪಡಿ ಎತ್ತಾಂವ. ಬೆಂಕಿ ಮಳಿ ಬರತೈತಿ ಅಂತ ಅವ್ರಿಗೆ ಮೊದಲ ಗೊತ್ತಾತು. ಅದಕ್ಕ ಕಲ್ಲಿನ ಮನಿ ಕಟಗೊಂಡು ಒಳಗ ಕುಂತ್ರು. ಮಳಿ ಬಂತು. ಒಬ್ರೂ ಹೊರಗ ಬರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹಿಂಜರಿದು ಅಂದ. "ಸಿಟ್ಟಾಗಬ್ಯಾಡ ಯವ್ವಾ. ನಿನ್ನ ನೋಡಿದ ಕೂಡ್ಲೆ, ಅವ್ರ ಪೈಕಿ ಯಾರೋ ಉಳದಾರಲ್ಲ ಅನಿಸ್ತು."

ತಂಡದವರೆಲ್ಲ ನೆಲ ನೋಡತೊಡಗಿದರು. ಒಬ್ಬ ಮಾತ್ರ ನಗು ತಡೆಯಲಾಗದೆ, "ಹೋಗು, ಆ ಕಿಂಡಿಯೊಳಗೆ ತೂರು. ರೀಲ್ಸ್ ಮಾಡೋಣ. ನಿನಗೆ ಕರೆಕ್ಟಾಗಿ ಹಿಡಿಸುತ್ತೆ," ಅಂದ.

ಅಜ್ಜನ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಇವನ ಮಾತಿಗೆ ಬಂತು. ಯಾಕೆ ಅಂತ ಆಗ ಹೇಳೋಕೆ ಬರಲಿಲ್ಲ. ಈಗ ಬರುತ್ತೆ, ಮುಂದೆ ಹೇಳ್ತೀನಿ.

ಜನ ಕಟ್ಟಿದ ಜೀವಶಾಸ್ತ್ರ

ಬೆಂಗಳೂರಿಗೆ ಬಂದ ಮೇಲೆ ಮೋರಿಯರು ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದೆಲ್ಲ ಓದಿದೆ.

ಕರ್ನಾಟಕದ ಬೇರೆ ಬೇರೆ ಕಡೆ ಇಂಥ ಕಲ್ಲುಕೋಣೆಗಳಿಗೆ 'ಮೋರೇರ ಮನೆ', 'ಮೋರೇರ ತಟ್ಟೆ' ಅನ್ನುವ ಹೆಸರುಗಳಿವೆ. 19ನೇ ಶತಮಾನದ ನಡುವಿನಲ್ಲಿ ಸುರಪುರದಲ್ಲಿ ಆಡಳಿತಗಾರನಾಗಿದ್ದ ಫಿಲಿಪ್ ಮೆಡೋಸ್ ಟೇಲರ್, ಈಗಿನ ಯಾದಗಿರಿ ಜಿಲ್ಲೆಯ ರಾಜನಕೋಳೂರಿನ ಸಮಾಧಿಗಳ ಬಗ್ಗೆ ಬರೆದ. ಧಾರವಾಡದ ಪುರಾತತ್ವ ವಿದ್ವಾಂಸ ಅ. ಸುಂದರ ಅವರು ಉತ್ತರ ಕರ್ನಾಟಕದ ಈ ಕಲ್ಲುಕೋಣೆಗಳನ್ನೆಲ್ಲ ಸುತ್ತಿ ಅಧ್ಯಯನ ಮಾಡಿ 1975ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ನಮ್ಮ ಪಕ್ಕದ ಹೊಸೂರು ದಾಟಿದರೆ ಸಿಗುವ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರಂ ಬೆಟ್ಟದಲ್ಲೂ ಇಂಥ ಕಲ್ಲುಮನೆಗಳಿವೆ. ಕೊಡಗಿನವರು ಇವನ್ನು 'ಪಾಂಡು ಪಾರೆ' ಅಂದರು. ಇನ್ನೂ ಎಷ್ಟೋ ಊರುಗಳಲ್ಲಿ 'ಪಾಂಡವರ ಗುಡಿ'.

ಇಲ್ಲಿ ನನಗೊಂದು ವಿಷಯ ಮಜಾ ಅನ್ನಿಸಿತು. ಒಂದೇ ಬಗೆಯ ಕಲ್ಲುಕೋಣೆ. ಕೆಲವರು ಭೀಮನಂಥ ಬಲಶಾಲಿಗಳು ಕಟ್ಟಿದ್ದು ಅಂದರು, ಕೆಲವರು ಗಿಡ್ಡ ಮಂದಿ ಕಟ್ಟಿದ್ದು ಅಂದರು. ಯಾಕೆ ಹೀಗೆ?

ಟೆಸ್ಟಿಂಗ್ ಕೆಲಸದಲ್ಲಿ ಇರೋರಿಗೆ ಇದು ಬೇಗ ಹೊಳೆಯುತ್ತೆ. ಎರಡೂ ಕಡೆಯವರು ಕಣ್ಣೆದುರಿನ ಪುರಾವೆಯನ್ನೇ ನೋಡಿದ್ದಾರೆ. ಚಪ್ಪಡಿಯ ತೂಕ ನೋಡಿದವರಿಗೆ ಪಾಂಡವರು ನೆನಪಾದರು. ಕಿಂಡಿಯ ಅಗಲ ನೋಡಿದವರಿಗೆ ಕುಳ್ಳರು ಕಂಡರು. ಮನೆ ಅಂದಮೇಲೆ ಬಾಗಿಲು ಬೇಕು, ಇದೇ ಬಾಗಿಲು ಅಂದಮೇಲೆ ಒಳಗೆ ಹೋಗೋರು ಸಣ್ಣವರೇ ಇರಬೇಕು. ಆದರೆ ಕಲ್ಲು ಭಾರ. ಹಾಗಾದರೆ ಸಣ್ಣವರು, ಆದರೆ ಭಯಂಕರ ಬಲಶಾಲಿಗಳು. ಇಷ್ಟು ಬಲಶಾಲಿಗಳು ಈಗ ಎಲ್ಲಿ? ಹಾಗಾದರೆ ಎಲ್ಲರೂ ಒಟ್ಟಿಗೇ ಸತ್ತಿರಬೇಕು. ಯಾವುದರಿಂದ? ಛಾವಣಿಗೇ ಇಷ್ಟು ದಪ್ಪ ಕಲ್ಲು ಹಾಕಿದ್ದಾರೆ ಅಂದರೆ ಆಪತ್ತು ಮೇಲಿಂದಲೇ ಬಂದಿರಬೇಕು. ಬೆಂಕಿ ಮಳೆ.

ನನ್ನ ಲೆಕ್ಕದಲ್ಲಿ ಮೋರಿಯರು ಹುಟ್ಟಿದ್ದು ಹೀಗೆ. ಎತ್ತರ, ಶಕ್ತಿ, ಮನೆ, ಮುನ್ಸೂಚನೆ ಅರಿಯುವ ಬುದ್ಧಿ, ಕೊನೆಗೆ ಅಳಿವು, ಒಂದು ಜನಾಂಗಕ್ಕೆ ಬೇಕಾದದ್ದೆಲ್ಲ ಬಂತು. ಒಂದೊಂದು ಹೆಜ್ಜೆಯೂ ಸರಿಯಾಗೇ ಇದೆ. ತಪ್ಪಿದ್ದು ಮೊದಲನೇ ಹೆಜ್ಜೆ ಮಾತ್ರ. ಅದು ಮನೆ ಅಲ್ಲ.

ಆ ಕಿಂಡಿ ಬಾಗಿಲಲ್ಲ

ಇವು ಸಮಾಧಿಗಳು. ಹಿರೇಬೆಣಕಲ್ಲಿನವು ಸುಮಾರು ಕ್ರಿ.ಪೂ. 800ರಿಂದ 200ರ ನಡುವಿನವು ಅಂತ ಅಂದಾಜು. ಕಬ್ಬಿಣ ಬಳಸಲು ಕಲಿತಿದ್ದ ಜನ.

1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ಇಂಥ ಕಿಂಡಿಯಿದ್ದ ಕಲ್ಲುಪೆಟ್ಟಿಗೆಗಳಲ್ಲಿ ಸಿಕ್ಕಿದ್ದು ಮನುಷ್ಯರ ಮೂಳೆ, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು. ಆ ಕಾಲದಲ್ಲಿ ಬಹಳ ಕಡೆ ಹೆಣವನ್ನು ಇಡಿಯಾಗಿ ಹೂಳುತ್ತಿರಲಿಲ್ಲ. ಮೊದಲು ಬಯಲಲ್ಲಿ ಬಿಟ್ಟು, ಆಮೇಲೆ ಮೂಳೆಗಳನ್ನು ಆರಿಸಿ ತಂದು ಕಲ್ಲುಕೋಣೆಯಲ್ಲಿ ಇಡುತ್ತಿದ್ದರು. ಕಿಂಡಿ ಇದ್ದದ್ದು ಹೀಗೆ ಮೂಳೆ, ಮಡಕೆ, ಎಡೆ ಒಳಗಿಡುವುದಕ್ಕೆ. ಬದುಕಿರುವವರು ಓಡಾಡುವುದಕ್ಕಲ್ಲ.

ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಮೂಳೆಗಳು ನಮ್ಮ ನಿಮ್ಮಂಥ ಸಾಮಾನ್ಯ ಮನುಷ್ಯರವು. ಕುಳ್ಳರ ಜನಾಂಗದವಲ್ಲ.

ಭಾರದ ಕಲ್ಲು? ಅದಕ್ಕೂ ಉತ್ತರ ಗುಡ್ಡದಲ್ಲೇ ಇದೆ. ಅಲ್ಲಿನ ಬಂಡೆ ಬಿಸಿಲು, ಚಳಿ, ಮಳೆಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಆ ಪದರವನ್ನು ಎಬ್ಬಿಸಿ, ಅಂಚು ಒಡೆದು, ಸನ್ನೆಗೋಲು ಹಾಕಿ ಹತ್ತಾರು ಜನ ಜಾರಿಸಿಕೊಂಡು ಬಂದರೆ ಚಪ್ಪಡಿ ಸಿಕ್ಕ ಹಾಗೆ. ಒಬ್ಬೊಬ್ಬ ಒಂದೊಂದು ಕಲ್ಲು ಎತ್ತಲಿಲ್ಲ. ಒಂದೊಂದು ಕಲ್ಲಿಗೆ ಒಂದಿಡೀ ಕೇರಿ ಕೈ ಹಾಕಿತ್ತು.

'ಮೋರಿಯ' ಹೆಸರು? ಮೌರ್ಯ ಅನ್ನೋದನ್ನು ಪ್ರಾಕೃತದಲ್ಲಿ ಮೋರಿಯ ಅಂತಾರೆ. ಅಶೋಕನ ಶಾಸನಗಳು ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡುವಿನಲ್ಲೂ ಇವೆ. ಹಾಗಾಗಿ ಎರಡನ್ನೂ ಗಂಟು ಹಾಕುವ ಆಸೆ ಯಾರಿಗಾದರೂ ಆಗುತ್ತೆ. ಆದರೆ ಸಮಾಧಿ ಕಟ್ಟುವ ಈ ಪದ್ಧತಿ ಮೌರ್ಯರಿಗಿಂತ ಶತಮಾನಗಳಷ್ಟು ಮೊದಲೇ ಶುರುವಾಗಿತ್ತು. ಮೌರ್ಯರು ಗಿಡ್ಡ ಮಂದಿಯೂ ಆಗಿರಲಿಲ್ಲ.

ನನ್ನ ಜೀವಶಾಸ್ತ್ರ

ಈಗ ಆ ರೀಲ್ಸ್ ಮಾತಿಗೆ ಬರ್ತೀನಿ. ಕಿಂಡಿಯಲ್ಲಿ ತೂರೋದು ನನಗೆ ಸುಲಭ ಅಂದುಕೊಂಡಿದ್ದನಲ್ಲ, ಅದು ತಪ್ಪು. ನನ್ನ ಹೆಗಲು, ಎದೆ, ಬೆನ್ನು ಬೇರೆ ಹೆಂಗಸರಷ್ಟೇ ಇವೆ. ಗಿಡ್ಡ ಇರೋದು ಕೈಕಾಲು ಮಾತ್ರ. ಅವನಿಗೆ ಹೆಗಲು ಸಿಕ್ಕಿಕೊಳ್ಳುವ ಕಡೆ ನನಗೂ ಸಿಕ್ಕಿಕೊಳ್ಳುತ್ತೆ. ಇನ್ನು ಆ ಮೂರು ಮೀಟರ್ ಎತ್ತರದ ಕೋಣೆಗಳು. ನಮ್ಮಂಥವರಿಗೇ ಕಟ್ಟಿದ ಮನೆಯಾಗಿದ್ದರೆ ಅಷ್ಟೆತ್ತರದ ಛಾವಣಿ ಯಾಕೆ? ಫ್ಯಾನ್ ಹಾಕೋಕಾ?

ನನ್ನ ದೇಹಸ್ಥಿತಿಗೆ ವೈದ್ಯರು ಇಟ್ಟಿರುವ ಹೆಸರು ಅಕಾಂಡ್ರೋಪ್ಲೇಸಿಯಾ. ಕುಬ್ಜತೆಗೆ ನೂರಾರು ಕಾರಣಗಳಿವೆ. ಅವುಗಳಲ್ಲಿ ಹೆಚ್ಚು ಕಾಣುವುದು ಇದು, ಸರಿಸುಮಾರು 25 ಸಾವಿರ ಹೆರಿಗೆಗೆ ಒಂದು. ನಾಲ್ಕನೇ ಕ್ರೋಮೋಸೋಮಿನಲ್ಲಿ ಎಫ್‌ಜಿಎಫ್‌ಆರ್3 ಅನ್ನುವ ಜೀನ್ ಇದೆ. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿ ಬೆಳೆದು ಮೂಳೆಯಾಗುವ ವೇಗಕ್ಕೆ ಅದು ಬ್ರೇಕ್ ಇದ್ದ ಹಾಗೆ. ಎಲ್ಲರಲ್ಲೂ ಆ ಬ್ರೇಕ್ ಬೇಕಾದಾಗ ಒತ್ತುತ್ತೆ, ಬೇಡದಾಗ ಬಿಡುತ್ತೆ. ನನ್ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಬ್ರೇಕ್ ಒತ್ತಿದ್ದು ಒತ್ತಿದ ಹಾಗೇ ಇದೆ. ತೊಡೆ, ತೋಳಿನ ಉದ್ದ ಮೂಳೆಗಳಿಗೆ ಇದರ ಪೆಟ್ಟು ಜಾಸ್ತಿ. ಬುದ್ಧಿಗೆ ಏನೂ ಸಂಬಂಧವಿಲ್ಲ.

ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಜನರ ತಂದೆ-ತಾಯಿ ಸಾಮಾನ್ಯ ಎತ್ತರದವರೇ. ನನ್ನ ಅಪ್ಪ-ಅಮ್ಮನೂ ಹಾಗೇ. ಬದಲಾವಣೆ ಹೊಸದಾಗಿ, ತಾನಾಗಿ ಆಗುತ್ತೆ, ಹೆಚ್ಚಾಗಿ ಅಪ್ಪನ ವೀರ್ಯಾಣುವಿನಲ್ಲಿ. ಯಾರ ತಪ್ಪೂ ಅಲ್ಲ. ನಾನು ಹುಟ್ಟಿದಾಗ ಮನೆಗೆ ಬಂದವರೆಲ್ಲ ಅಮ್ಮನನ್ನು ಕೇಳಿದ್ದು ಒಂದೇ, "ಗ್ರಹಣದ ದಿನ ಹೊರಗೆ ಬಂದಿದ್ಯಾ?" ಅಮ್ಮ 20 ವರ್ಷ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದಳು. ಕಾಲೇಜಿನಲ್ಲಿ ಓದುವಾಗ ನಾನು ಈ ಜೀನ್ ವಿಷಯ ಕಾಗದದ ಮೇಲೆ ಬರೆದು ವಿವರಿಸಿದಾಗ ಅವಳು ಹೇಳಿದ್ದು, "ಇದನ್ನ ಮುಂಚೆನೇ ಯಾರಾದರೂ ಹೇಳಬಾರದಿತ್ತೇನೇ."

ಇನ್ನೊಂದು ವಿಷಯ ಓದಿದಾಗ ನನಗೆ ನಗು ಬಂತು. ನನ್ನಂಥವರದೇ ಒಂದು ಜನಾಂಗ ಇರೋದು ಸಾಧ್ಯವೇ ಇಲ್ಲ. ಲೆಕ್ಕ ನೋಡಿ. ಅಪ್ಪ-ಅಮ್ಮ ಇಬ್ಬರಿಗೂ ಅಕಾಂಡ್ರೋಪ್ಲೇಸಿಯಾ ಇದ್ದರೆ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಎರಡು ಪಾಲು ಸಾಧ್ಯತೆ ಮಗು ಅವರಂತೆ. ಒಂದು ಪಾಲು ಸಾಮಾನ್ಯ ಎತ್ತರ. ಇನ್ನೊಂದು ಪಾಲು, ಎರಡೂ ಕಡೆಯಿಂದ ಬದಲಾದ ಜೀನ್ ಬಂದ ಮಗು, ಅದು ಸಾಮಾನ್ಯವಾಗಿ ಹುಟ್ಟಿದ ಸ್ವಲ್ಪ ದಿನದಲ್ಲೇ ತೀರಿಕೊಳ್ಳುತ್ತದೆ. ಅಂದರೆ ಉಳಿಯುವ ಮೂವರಲ್ಲಿ ಒಬ್ಬರು ಸಾಮಾನ್ಯ ಎತ್ತರದವರು. ಮೋರಿಯರು ನನ್ನಂಥವರೇ ಆಗಿದ್ದಿದ್ದರೆ ಪ್ರತಿ ಕಲ್ಲುಮನೆಯಲ್ಲೂ ತಲೆ ಬಗ್ಗಿಸಿಕೊಂಡು ಓಡಾಡುವ ಎತ್ತರದ ಮಕ್ಕಳು ಇರುತ್ತಿದ್ದರು.

ಇಡೀ ಜನಾಂಗವೇ ಗಿಡ್ಡ ಆಗುವ ದಾರಿ ಬೇರೆಯೇ ಇದೆ. ಕಾಂಗೋ ಕಾಡಿನ ಮ್ಬುಟಿ ಜನರ ಸರಾಸರಿ ಎತ್ತರ ಐದು ಅಡಿಯನ್ನೂ ಮುಟ್ಟುವುದಿಲ್ಲ. ಆದರೆ ಅವರ ಕೈಕಾಲು ಮೈಗೆ ತಕ್ಕ ಅಳತೆಯಲ್ಲೇ ಇರುತ್ತವೆ. ಅದು ಸಾವಿರಾರು ವರ್ಷಗಳ ಹೊಂದಾಣಿಕೆ. ನನ್ನದು ಒಂದು ಅಕ್ಷರದ ಬದಲಾವಣೆ. ಹೊರಗಿನಿಂದ ನೋಡುವವರಿಗೆ ಎರಡೂ 'ಕುಳ್ಳ' ಅಷ್ಟೇ.

ಎಲ್ಲ ಊರಲ್ಲೂ ಇದ್ದಾರೆ

ಮೋರಿಯರ ನೆಂಟರು ಪ್ರಪಂಚದ ತುಂಬ ಇದ್ದಾರೆ. ಹವಾಯಿ ದ್ವೀಪಗಳಲ್ಲಿ 'ಮೆನೆಹುನೆ' ಅನ್ನುವ ಪುಟ್ಟ ಜನರ ಕಥೆಯಿದೆ. ಕವಾಯಿ ದ್ವೀಪದ ಅಲೆಕೊಕೊ ಮೀನುಕೊಳದ ಗೋಡೆಯನ್ನು ಅವರು ಒಂದೇ ರಾತ್ರಿಯಲ್ಲಿ ಕಟ್ಟಿದರಂತೆ. ನೆದರ್ಲೆಂಡ್ಸ್‌ನಲ್ಲಿ ಇಂಥದ್ದೇ ಕಲ್ಲುಸಮಾಧಿಗಳನ್ನು ದೈತ್ಯರ ಕೆಲಸ ಅಂದರು, ನಮ್ಮಲ್ಲಿ ಪಾಂಡವರು ಅಂದ ಹಾಗೆ.

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 'ಎಬು ಗೊಗೊ' ಅನ್ನುವ ಗಿಡ್ಡ ಕಾಡುಜನರ ಕಥೆ ಹಿಂದಿನಿಂದ ಇತ್ತು. 2003ರಲ್ಲಿ ಅಲ್ಲಿನ ಲಿಯಾಂಗ್ ಬುವಾ ಗುಹೆಯಲ್ಲಿ ಒಂದು ಮೀಟರ್ ಚಿಲ್ಲರೆ ಎತ್ತರದ ಮಾನವಜಾತಿಯ ಮೂಳೆಗಳು ನಿಜವಾಗಿಯೂ ಸಿಕ್ಕವು! ಹೋಮೋ ಫ್ಲೋರೆಸಿಯೆನ್ಸಿಸ್ ಅಂತ ಹೆಸರಿಟ್ಟರು. ಅವು 60 ಸಾವಿರ ವರ್ಷಕ್ಕಿಂತ ಹಳೆಯವು. ಅವರು ನಮ್ಮ ಜಾತಿಯವರೇ ಅಲ್ಲ, ಬೇರೆ ಕವಲು. ಹಿರೇಬೆಣಕಲ್ಲಿನವರು ಹಾಗಲ್ಲ. ಅವರು ಅಪ್ಪಟ ನಾವೇ.

ನಮ್ಮ ಪುರಾಣಗಳಲ್ಲೂ ಪುಟ್ಟವರಿಗೆ ಕೊರತೆಯಿಲ್ಲ. ಹೆಬ್ಬೆರಳುದ್ದದ 60 ಸಾವಿರ ವಾಲಖಿಲ್ಯ ಋಷಿಗಳು ಮರದ ಕೊಂಬೆಗೆ ತಲೆಕೆಳಗಾಗಿ ಜೋತು ತಪಸ್ಸು ಮಾಡುತ್ತಿದ್ದರು. ಕೊಂಬೆ ಮುರಿದಾಗ ಅವರಿಗೆ ಪೆಟ್ಟಾಗದಿರಲಿ ಅಂತ ಗರುಡ ಆ ಕೊಂಬೆಯನ್ನೇ ಕೊಕ್ಕಿನಲ್ಲಿ ಹಿಡಿದು ಹಾರಿದ. ಬಾದಾಮಿಯ ಗುಹೆಗಳಿಗೆ ಹೋದರೆ ಕೆಳಗಿನ ಪಟ್ಟಿಯನ್ನು ನೋಡಿ. ಸಾಲು ಸಾಲು ಕುಳ್ಳ ಗಣಗಳು ಕುಣೀತಾ, ನಗ್ತಾ, ಮೃದಂಗ ಬಾರಿಸ್ತಾ ಇರ್ತವೆ. ಎಲ್ಲರೂ ಮೇಲಿನ ವಿಷ್ಣುವನ್ನು ನೋಡೋಕೆ ಕತ್ತೆತ್ತುತ್ತಾರೆ. ನನ್ನ ಕಣ್ಣಿನ ಮಟ್ಟಕ್ಕೆ ಸಿಗೋದು ಇವರೇ.

ಮೊದಲನೇ ಹೆಜ್ಜೆ

ಅಜ್ಜನ ಮಾತು ಯಾಕೆ ನೋಯಿಸಲಿಲ್ಲ, ಸಹೋದ್ಯೋಗಿಯ ಮಾತು ಯಾಕೆ ನೋಯಿಸಿತು ಅಂತ ಹೇಳ್ತೀನಿ ಅಂದಿದ್ದೆ.

ಅಜ್ಜ ಕಥೆಯಿಂದ ಶುರು ಮಾಡಿ ನನ್ನ ಕಡೆ ಬಂದ. ಅವನ ಕಥೆಯಲ್ಲಿ ಗಿಡ್ಡ ಮಂದಿ ಬಲಶಾಲಿಗಳು, ಮುಂದಾಗೋದನ್ನು ಬಲ್ಲವರು. ಅವರೆಲ್ಲ ಸತ್ತುಹೋದರಲ್ಲ ಅನ್ನುವ ಒಂದು ಸಂಕಟವೂ ಅವನ ದನಿಯಲ್ಲಿತ್ತು. 'ಉಳದಾರಲ್ಲ' ಅನ್ನುವಾಗ ಅವನಿಗೆ ಖುಷಿಯಾಗಿತ್ತು.

ಸಹೋದ್ಯೋಗಿ ನನ್ನ ಪಕ್ಕದ ಸೀಟಿನಲ್ಲಿ ಮೂರು ವರ್ಷ ಕೂತಿದ್ದವನು. ನಾನು ಹಿಡಿದ ಬಗ್‌ಗಳನ್ನು ರಾತ್ರಿ ಹನ್ನೊಂದಕ್ಕೆ ನನ್ನ ಜೊತೆ ಕೂತು ಸರಿ ಮಾಡಿದ್ದವನು. ಅವನಿಗೆ ನಾನು ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಒಂದು ಕಿಂಡಿ ಕಂಡ ಕೂಡಲೇ ಅದೆಲ್ಲ ಮರೆತುಹೋಯಿತು.

ಕಲ್ಲುಕೋಣೆಯನ್ನು ಮನೆ ಅಂದುಕೊಂಡ ಹಾಗೆ, ನನ್ನನ್ನು ನೋಡುವವರ ಮೊದಲನೇ ಹೆಜ್ಜೆಯೂ ತಪ್ಪುತ್ತೆ. 'ಎತ್ತರ ಮಗುವಿನಷ್ಟು, ಹಾಗಾದರೆ ಮಗು.' ಅಲ್ಲಿಂದ ಮುಂದಿನದೆಲ್ಲ ಸರಿಯಾಗೇ ಬರುತ್ತೆ. ಹೋಟೆಲಿನಲ್ಲಿ ಬಿಲ್ಲನ್ನು ನನ್ನ ಜೊತೆಗಿರೋರಿಗೆ ಕೊಡ್ತಾರೆ. ಆಸ್ಪತ್ರೆಯಲ್ಲಿ "ಇವರಿಗೆ ಏನಾಗ್ತಿದೆ?" ಅಂತ ಅಕ್ಕನನ್ನು ಕೇಳ್ತಾರೆ. ಗೊತ್ತಿಲ್ಲದವರು ತಲೆ ಸವರ್ತಾರೆ. ಮದುವೆಗೆ ನೋಡಲು ಬಂದ ಒಬ್ಬರ ಮನೆಯವರು, "ಹುಡುಗಿ ಅಡುಗೆಗೆ ಒಲೆ ಎಟುಕುತ್ತಾ?" ಅಂತ ನನ್ನೆದುರಿಗೇ ಭಾವನನ್ನು ಕೇಳಿದ್ದರು. "ಸ್ಟೂಲ್ ಇದೆ," ಅಂದೆ. ಅಷ್ಟೇ ಸಾಕು ಪರಿಹಾರ. ಕಲ್ಲೆತ್ತುವ ಶಕ್ತಿಯೇನೂ ಬೇಡ.

ಕಾನೂನು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಕುಬ್ಜತೆಯೂ ಸೇರಿದೆ. ವಯಸ್ಕರ ಎತ್ತರ 4 ಅಡಿ 10 ಇಂಚು, ಅಂದರೆ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅನ್ವಯ. ಮಕ್ಕಳ ಮೂಳೆ ಬೆಳವಣಿಗೆಯ ಆ ಬ್ರೇಕನ್ನು ಸ್ವಲ್ಪ ಸಡಿಲಿಸುವ ವೊಸೊರಿಟೈಡ್ ಅನ್ನುವ ಚುಚ್ಚುಮದ್ದಿಗೂ 2021ರಲ್ಲಿ ಯುರೋಪ್, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬೇಕೋ ಬೇಡವೋ ಅಂತ ನಮ್ಮಂಥವರಲ್ಲೇ ಎರಡು ಅಭಿಪ್ರಾಯಗಳಿವೆ. ನನಗೆ ಬೇಕಿರೋದು ಅದಕ್ಕಿಂತ ಸಣ್ಣ ಸಣ್ಣವು. ಮೊದಲೆಲ್ಲ ಆಫೀಸಿಗೆ ಬಸ್ಸಿನಲ್ಲಿ ಹೋಗುವಾಗ ಮೊದಲನೇ ಮೆಟ್ಟಿಲೇ ನನ್ನ ಮೊಣಕಾಲಿಗಿಂತ ಎತ್ತರ ಇರುತ್ತಿತ್ತು, ಯಾರಾದರೂ ಕೈ ಕೊಟ್ಟು ಎಳೀಬೇಕಿತ್ತು. ಈಗ ಜೆ.ಪಿ. ನಗರದಲ್ಲಿ ಹಸಿರು ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಬಿಟಿಎಂನಲ್ಲಿ ಇಳೀತೀನಿ. ಪ್ಲಾಟ್‌ಫಾರ್ಮು, ರೈಲಿನ ನೆಲ ಎರಡೂ ಒಂದೇ ಮಟ್ಟ. ಯಾರ ಕೈಯೂ ಬೇಡ.

ಲಾಲ್‌ಬಾಗ್ ಬಂಡೆಯ ಮೇಲೆ

ರಜೆ ಮುಗಿಯೋಕೆ ಎರಡು ದಿನ ಇರುವಾಗ ಹುಡುಗಿಯನ್ನು ಬೆಳಿಗ್ಗೆ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಒಂದು ಕಡೆ ಪದರ ಎದ್ದಿರೋದನ್ನು ತೋರಿಸಿ, "ನೋಡು, ಹಿರೇಬೆಣಕಲ್ಲಿನವರಿಗೆ ಚಪ್ಪಡಿ ಸಿಕ್ಕಿದ್ದು ಹೀಗೆ," ಅಂದೆ. ಆಮೇಲೆ ಎಲ್ಲ ಹೇಳಿದೆ. ಅದು ಮನೆ ಅಲ್ಲ, ಸತ್ತವರ ನೆನಪು. ಕಿಂಡಿ ಬಾಗಿಲಲ್ಲ. ಬೆಂಕಿ ಮಳೆ ಬರಲಿಲ್ಲ. ನಾನು ಅವತ್ತು ರಾತ್ರಿ 'ಹೂಂ' ಅಂದದ್ದು ಸುಳ್ಳು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಥೆ ಹಾಳಾಯಿತು ಅಂತ ಬೇಜಾರಾಯಿತೇನೋ ಅಂದುಕೊಂಡೆ.

"ಮತ್ತೆ ಅವರು ಎಷ್ಟು ಎತ್ತರ ಇದ್ರು?"

"ನಿಮ್ಮಪ್ಪನಷ್ಟು, ಅಮ್ಮನಷ್ಟು, ನಿನ್ನಷ್ಟು. ಅಲ್ಲೊಬ್ಬ ಇಲ್ಲೊಬ್ಬ ನನ್ನಷ್ಟೂ ಇದ್ದಿರಬಹುದು."

"ಅವರನ್ನೂ ಕಲ್ಲು ಎಳೆಯೋಕೆ ಸೇರಿಸ್ಕೊಳ್ತಿದ್ರಾ?"

ಇದಕ್ಕೆ ಯಾವ ಉತ್ಖನನದಲ್ಲೂ ಉತ್ತರವಿಲ್ಲ. "ನೀನಾಗಿದ್ರೆ ಸೇರಿಸ್ಕೊಳ್ತಿದ್ಯಾ?" ಅಂದೆ. ಅವಳು ನನ್ನ ಕೈಯನ್ನೊಮ್ಮೆ, ಬಂಡೆಯನ್ನೊಮ್ಮೆ ನೋಡಿ, "ಹಗ್ಗ ಹಿಡ್ಕೊಳೋಕೆ ಬರುತ್ತಲ್ಲ," ಅಂದಳು.

ಮನೆಗೆ ಬಂದು ಹೊಸ ಚಾರ್ಟ್ ಮಾಡಿದಳು. ಒಂದು ದೊಡ್ಡ ಚಪ್ಪಡಿ, ಅದಕ್ಕೆ ಕಟ್ಟಿದ ಹಗ್ಗ, ಹಗ್ಗದುದ್ದಕ್ಕೂ ಜನ. ಎತ್ತರದವರು, ದಪ್ಪಗಿರೋರು, ಕೋಲು ಹಿಡಿದ ಅಜ್ಜಿ, ನಡುವೆ ಕನ್ನಡಕದ ಚಿಕ್ಕಿ. ಲ್ಯಾಪ್‌ಟಾಪ್ ಬ್ಯಾಗು ಮಾತ್ರ ತೆಗೆಯಲಿಲ್ಲ. ತಲೆಬರಹದಲ್ಲಿ 'ಕಾಲ್ಪನಿಕ' ಅನ್ನೋದರ ಮೇಲೆ ಗೀಟು ಎಳೆದಿದ್ದಳು.

ಶಾಲೆಯಿಂದ ಬಿ ಪ್ಲಸ್ ಬಂತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಕಾಲ್ಪನಿಕ ಜನಾಂಗ ಇರಬೇಕಿತ್ತು' ಅಂತ. ಅವಳಿಗೆ ಸ್ವಲ್ಪ ಅಳು ಬಂತು. ನನಗೆ ಆ ಮಾರ್ಕ್ಸ್ ಬಹಳ ಇಷ್ಟವಾಯಿತು.

ಚಾರ್ಟ್ ಈಗ ನನ್ನ ರೂಮಿನ ಬಾಗಿಲ ಮೇಲಿದೆ. ಅವಳೇ ಅಂಟಿಸಿದ್ದು, ನಮ್ಮಿಬ್ಬರ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಇನ್ನೊಂದು ವರ್ಷದಲ್ಲಿ ಅವಳು ನನ್ನನ್ನು ದಾಟಿಬಿಡ್ತಾಳೆ. ಆಗ ಅದನ್ನು ನೋಡೋಕೆ ಅವಳು ಸ್ವಲ್ಪ ಬಗ್ಗಬೇಕಾಗುತ್ತೆ.

ಹೋಗಿ ಬರುವವರಿಗೆ: ಹಂಪಿಯಿಂದ ಹಿರೇಬೆಣಕಲ್ ಸುಮಾರು 35 ಕಿಲೋಮೀಟರ್. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹತ್ತಿ, ನೆರಳು ಕಡಿಮೆ, ನೀರು ಜಾಸ್ತಿ ಒಯ್ಯಿರಿ. ದಾರಿ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಳ್ಳಿ, ಕಥೆಯೂ ಸಿಗುತ್ತೆ. ಚಪ್ಪಡಿಗಳ ಮೇಲೆ ಹತ್ತಬೇಡಿ, ಕಿಂಡಿಯೊಳಗೆ ಯಾರನ್ನೂ ತೂರಿಸಬೇಡಿ. ಅದು ಯಾರದೋ ಅಪ್ಪ-ಅಮ್ಮನ ಸಮಾಧಿ.